ಮಸುಕಿಗೆ ಏನು ಕೊಡುತ್ತೀರಿ

ನಮ್ಮೂರಿನಲ್ಲಿ ಮಾನಿಟರ್ ಕೊಳ್ಳಲು ಹೋದರೆ ಅಂಗಡಿಯವನು ಮೊದಲು ಕೇಳುವುದು ಎಷ್ಟು ಇಂಚಿನದು ಬೇಕು ಎಂದಲ್ಲ, ಮಸುಕಿಗೆ ಏನು ಕೊಡುತ್ತೀರಿ ಎಂದು. ಬಟ್ಟೆ ಅಂಗಡಿಯವನು ಕವರ್ ಬೇಕಾ ಎಂದು ಕೇಳುವಷ್ಟೇ ಸಲೀಸಾಗಿ ಕೇಳುತ್ತಾನೆ. ಮನೆಗೆ ತಿಳಿಯಾದದ್ದೊಂದು ಬರಬೇಕಾದರೆ ಮನೆಯಲ್ಲಿರುವ ಇನ್ನೊಂದು ಮಸುಕಾಗಬೇಕು. ಟಿವಿಗೂ ಅಷ್ಟೇ, ಕನ್ನಡಕಕ್ಕೂ ಅಷ್ಟೇ, ಫೋನಿಗೂ ಅಷ್ಟೇ. ಪೆಟ್ಟಿಗೆಯಿಂದ ತೆಗೆದ ಹೊಸ ಪರದೆ ಬರೀ ಹಬೆ ಹಿಡಿದ ಗಾಜು. ಅದರ ಮುಂದೆ ನಿಂತು ನಮ್ಮದೊಂದು ವಸ್ತುವಿನ ಹೆಸರು ಹೇಳಿದರೆ ಚಿತ್ರ ತಿಳಿಯಾಗಿ ಕಾಣುತ್ತದೆ. ಅದು ಬರೀ ತೋರಿಕೆ. ಒಪ್ಪಿಗೆಯಾಗಿ "ಕೊಟ್ಟೆ" ಅಂದ ಮೇಲೆ ತಿಳಿ ಪರದೆಯಲ್ಲೇ ಉಳಿಯುತ್ತದೆ, ಆ ವಸ್ತು ಮನೆಯಲ್ಲಿ ಮಂಜಾಗುತ್ತದೆ. ಕೊಡುವುದು ಕೊಡುವವರ ಸ್ವಂತದ್ದಾಗಿರಬೇಕು. ಹೆಂಡತಿಯದನ್ನು ಗಂಡ, ಗಂಡನದನ್ನು ಹೆಂಡತಿ ಕೊಡುವಂತಿಲ್ಲ. ಮತ್ತೆ, ಮನೆಯಲ್ಲಿ ಯಾರಾದರೂ ಅದನ್ನು ನೋಡುತ್ತಿರಬೇಕು. ಅಟ್ಟದ ಮೇಲಿನ ಮುರಿದ ತೊಟ್ಟಿಲನ್ನು ಕೊಟ್ಟು ದೊಡ್ಡ ಟಿವಿ ತರಲು ಹೊರಟವರು ನಮ್ಮೂರಿನಲ್ಲಿ ಬೇಕಾದಷ್ಟು ಮಂದಿ. ಪರದೆ ಜಗ್ಗುವುದಿಲ್ಲ. ಎಷ್ಟು ನೋಡುತ್ತಾರೋ ಅಷ್ಟೇ ತಿಳಿ.

ನಮ್ಮ ಮನೆಗೆ ಇದುವರೆಗೆ ಬಂದ ತಿಳಿಗೆಲ್ಲ ಹೋದದ್ದು ನನ್ನವೇ. ಯಾರೂ ಬಲವಂತ ಮಾಡಿದ್ದಲ್ಲ. "ನಿನ್ ಹತ್ರ ಏನಾದ್ರೂ ಇದ್ದೇ ಇರುತ್ತಲ್ಲ ಶಶಿ, ನೋಡು" ಎಂದು ನಮ್ಮವರು ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳುತ್ತಿದ್ದರು, ನಾನು ನೋಡುತ್ತಿದ್ದೆ, ಏನಾದರೂ ಇರುತ್ತಿತ್ತು. ಅವರ ಕ್ರಿಕೆಟ್ಟಿಗೆಂದು ಟಿವಿ ಬಂದಾಗ ಹಾಲಿನಲ್ಲಿ ತೂಗುಹಾಕಿದ ನಮ್ಮ ಮದುವೆಯ ಫೋಟೊದಲ್ಲಿ ನನ್ನ ತವರಿನವರು ನಿಂತಿದ್ದ ಭಾಗವನ್ನು ಕೊಟ್ಟೆ. ಈಗ ಆ ಫೋಟೊದಲ್ಲಿ ಗಂಡಿನ ಕಡೆಯವರು ಜರಿ ಪೇಟದ ಎಳೆಯೆಳೆಯೂ ಕಾಣುವಂತೆ ನಿಂತಿದ್ದಾರೆ, ನಮ್ಮ ಕಡೆಯವರು ಹಬೆಯಾಡುವ ಬಚ್ಚಲಿನಲ್ಲಿ ನಿಂತ ಹಾಗಿದ್ದಾರೆ. ಅವರ ಫೋನಿಗೆ ನಾನು ಕಸೂತಿ ಹಾಕಿದ್ದ ಹಾಸಿಗೆ ಹೊದಿಕೆಯ ನವಿಲುಗಳು ಹೋದವು. ಅತ್ತೆಯ ಕನ್ನಡಕಕ್ಕೆ, ನಾನೇ ನೆಟ್ಟು ಬೆಳೆಸಿದ ಹಿತ್ತಲಿನ ಸೀಬೆ ಮರ ಹೋಯಿತು. ಪಾತ್ರೆ ತೊಳೆಯುವಾಗ ಕಿಟಕಿಯಿಂದ ನೋಡಿದರೆ ಯಾರೋ ಹಸಿರು ಬಣ್ಣವನ್ನು ಹೆಬ್ಬೆರಳಿನಿಂದ ಒರೆಸಿಬಿಟ್ಟಂತೆ ಕಾಣುತ್ತದೆ. ಹಣ್ಣನ್ನು ತಡಕಿ ಕೀಳುತ್ತೇನೆ. ರುಚಿಯೇನೂ ಕೆಟ್ಟಿಲ್ಲ.

ಈ ಸಲ ತಿಳಿ ಬೇಕಾಗಿದ್ದು ನನಗೆ. ಅದೂ ಆಟಕ್ಕೆ. ನಾವು ನಾಲ್ವರು ಹೆಂಗಸರು ಶನಿವಾರ ಮಧ್ಯಾಹ್ನ, ಊಟದ ಪಾತ್ರೆ ತೊಳೆದಿಟ್ಟು, ಅವರವರ ಮನೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಒಂದು ಆಟ ಆಡುತ್ತೇವೆ. ಎದುರುಬದುರು ಎರಡು ಗುಡ್ಡ, ನಡುವೆ ಕಣಿವೆ. ಒಂದೊಂದು ಗುಡ್ಡದ ಮೇಲೂ ಒಂದು ಗಂಟೆ. ಅವರ ಗಂಟೆಯನ್ನು ನಾವು ಕದಿಯಬೇಕು, ನಮ್ಮದನ್ನು ಅವರು. ನಮ್ಮ ತಂಡದ ಹೆಸರು ಒಗ್ಗರಣೆ. ನಾಯಕಿ ಜುಬೇದಾ, ಬಸ್‌ಸ್ಟ್ಯಾಂಡಿನ ಹಿಂದೆ ರವಿಕೆ ಹೊಲಿಯುವವಳು. ಚಂಪಾ ಮತ್ತು ಇನ್ನೊಬ್ಬಳು ಅವಳ ಜೊತೆ ಕೆಳಗೆ ಓಡಾಡುವವರು. ನಾನು ಗೋಪುರದ ಮೇಲಿನ ಕಾವಲು. ದೂರದಲ್ಲಿ ಏನು ಕದಲಿತು, ಯಾರು ಬಂದರು ಎಂದು ನೋಡಿ ಉಳಿದವರಿಗೆ ಹೇಳುವವಳು. ನಾನು ಹೇಳುವುದನ್ನೇ ನೆಚ್ಚಿಕೊಂಡು ಮೂವರು ಕಾದು ಕೂರುವುದು ನನಗೆ ಹೊಸದು. ಅಡುಗೆಗೆ ಉಪ್ಪು ಸಾಕೇ ಎಂದು ನಾನು ಇನ್ನೊಬ್ಬರನ್ನು ಕೇಳಿದ್ದೇ ಹೆಚ್ಚು. ಗೋಪುರದ ಮೇಲೆ ಮಾತ್ರ ಎಲ್ಲರೂ ನನ್ನನ್ನು ಕೇಳುತ್ತಾರೆ.

ಆದರೆ ಕಳೆದ ಎರಡು ಪಂದ್ಯಗಳಲ್ಲಿ ನಾನು ಆಡಿನಿಂದ ಕೆಟ್ಟೆ. ಆ ಕಣಿವೆಯಲ್ಲಿ ಸುಮ್ಮನೆ ಅಂದಕ್ಕೆಂದು ಆಡುಗಳನ್ನು ಬಿಟ್ಟಿದ್ದಾರೆ. ನಮ್ಮವರ ಕಚೇರಿಯಿಂದ ಗುಜರಿಗೆ ಹೋಗಬೇಕಾಗಿದ್ದ ನನ್ನ ಹಳೇ ಮಾನಿಟರಿನಲ್ಲಿ ದೂರದ ಆಡೂ ನಾಲ್ಕು ಚೌಕ, ದೂರದ ಮನುಷ್ಯನೂ ನಾಲ್ಕು ಚೌಕ. ಮೊದಲ ಪಂದ್ಯದಲ್ಲಿ ಬಂದ್ರು ಬಂದ್ರು ಎಂದು ನಾನು ಕೂಗಿ, ಮೂವರೂ ಗುಡ್ಡ ಇಳಿದು ಹೋಗಿ ಒಂದು ಆಡನ್ನು ಸುತ್ತುವರಿದರು. ಎರಡನೆಯದರಲ್ಲಿ "ಅದು ಆಡು, ಬಿಡ್ರೇ" ಎಂದೆ. ಆ ಆಡು ಬಂದು ನಮ್ಮ ಗಂಟೆಯನ್ನು ಹೊತ್ತುಕೊಂಡು ಹೋಯಿತು.

"ಶಶಿ ಅಕ್ಕ, ಪರದೆ ಬದಲಾಯಿಸು, ಇಲ್ಲಾ ಜಾಗ ಬದಲಾಯಿಸು" ಎಂದಳು ಜುಬೇದಾ, ನನ್ನ ರವಿಕೆಯ ಅಳತೆ ತೆಗೆಯುತ್ತ. "ಈ ಶನಿವಾರ ಫೈನಲ್ಲು. ಹೊಸ ಪರದೆ ಬರ್ಲಿಲ್ಲ ಅಂದ್ರೆ ಗೋಪುರಕ್ಕೆ ಚಂಪಾನ್ನ ಹತ್ತಿಸ್ತೀನಿ."

"ನಾನೇನ್ ಮಾಡ್ಲಿ ಹಾಗಾದ್ರೆ?"

"ಕೆಳಗಡೆ ನಿಂತು ಆಡು ಕಾಯಿ. ಕೈ ಎತ್ತು, ಕಂಕುಳು ಬಿಗಿ ಆಗ್ತಿದೆಯಾ?"

ಹಾಗಾಗಿ ಗುರುವಾರ ಕೊಟ್ರೇಶನ ಅಂಗಡಿಗೆ ಹೋದೆ. ಕೊಟ್ರೇಶ ದಪ್ಪ ಮೀಸೆಯ, ನಿಧಾನದ ಮನುಷ್ಯ. ಗೋಡೆಯುದ್ದಕ್ಕೂ ಮಾನಿಟರುಗಳನ್ನು ಸಾಲಾಗಿ ಇಟ್ಟಿದ್ದ. ಎಲ್ಲದರಲ್ಲೂ ಒಂದೇ ಗಿಳಿಯ ಚಿತ್ರ, ಎಲ್ಲ ಗಿಳಿಯೂ ಹಬೆಯೊಳಗೆ ಹಸಿರು ಮುದ್ದೆ.

"ಬನ್ನಿ ಅಕ್ಕ. ಮಸುಕಿಗೆ ಏನು ಕೊಡ್ತೀರಾ?"

"ಮೊದ್ಲು ಯಾವ್ದು ತಗೋಬೇಕು ಹೇಳಪ್ಪ. ನಂಗೆ ದೂರದ ಆಡು ಆಡಾಗಿ ಕಾಣ್ಬೇಕು."

ಅವನಿಗೆ ಇದು ವಿಚಿತ್ರ ಅನ್ನಿಸಲಿಲ್ಲ. ನನ್ನ ಕಂಪ್ಯೂಟರಿನಲ್ಲಿ ಯಾವ ಗ್ರಾಫಿಕ್ಸ್ ಕಾರ್ಡಿದೆ ಎಂದು ಕೇಳಿ, ಗಲ್ಲ ಕೆರೆದುಕೊಂಡ. "ಫುಲ್ ಎಚ್‌ಡಿ ತಗೊಂಡ್ರೆ ಈಗಿಂದಕ್ಕಿಂತ ವಾಸಿ, ಆದ್ರೂ ದೂರದ ಆಡು ಅನುಮಾನವೇ. ಇಪ್ಪತ್ತೇಳು ಇಂಚಲ್ಲಿ ಟು ಕೆ ತಗೊಂಡ್ರೆ ಆಡು ಆಡೇ, ಮನುಷ್ಯ ಮನುಷ್ಯನೇ. ಫೋರ್ ಕೆ ಅಂದ್ರೆ ಆಡಿನ ಗಡ್ಡಾನೂ ಕಾಣುತ್ತೆ. ಆದ್ರೆ ನಿಮ್ ಕಾರ್ಡಿಗೆ ಏದುಸಿರು ಬರುತ್ತೆ ಅಕ್ಕ. ಚಿತ್ರ ತಡವರಿಸುತ್ತೆ. ಗಡ್ಡ ನೋಡ್ತಾ ಕೂರೋದ್ರೊಳಗೆ ಗಂಟೆ ಹೋಗಿರುತ್ತೆ."

"ಹಾಗಾದ್ರೆ ಟು ಕೆ."

"ತುಂಬಿಸೋಕೆ ಏನಾದ್ರೂ ಇದೆಯಾ? ಟು ಕೆ ಸುಮಾರು ತಿಳಿ ಕುಡಿಯುತ್ತೆ. ಫೋರ್ ಕೆಯಂತೂ ಬಂದಾಗಿಂದ ಹಾಗೇ ಕೂತಿದೆ, ಈ ಊರಲ್ಲಿ ಯಾರ್ ಕೈಲೂ ತುಂಬಿಸೋಕಾಗಿಲ್ಲ."

ನಾನು ಟು ಕೆಯ ಗಿಳಿಯ ಮುಂದೆ ನಿಂತೆ. "ನನ್ನ ರೇಷ್ಮೆ ಸೀರೆಗಳು" ಎಂದೆ. ಎಲ್ಲವನ್ನೂ ಒಟ್ಟಿಗೇ ಕೊಡಲು ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದೆ. ಗಿಳಿ ಮುದ್ದೆಯಾಗಿಯೇ ಇತ್ತು.

"ಬೀರು ಒಳಗಿದ್ರೆ ಯಾರು ನೋಡ್ತಾರೆ ಅಕ್ಕ" ಎಂದ ಕೊಟ್ರೇಶ, ಸಮಾಧಾನದ ದನಿಯಲ್ಲಿ.

"ನನ್ನ ಇಡ್ಲಿ ಪಾತ್ರೆ" ಎಂದೆ. ಗಿಳಿಗೆ ಒಂದು ಕೊಕ್ಕು ಬಂತು. "ನನ್ನ ಒಗ್ಗರಣೆ ಡಬ್ಬಿ" ಎಂದೆ. ಕೊಕ್ಕು ಕೆಂಪಾಯಿತು. "ನಾನು ದಿನಾ ಹಾಕೋ ರಂಗೋಲಿ." ಇದಕ್ಕೆ ಬಹಳ ಆಸೆಯಿಟ್ಟುಕೊಂಡಿದ್ದೆ. ಒಂದು ಕಾಲು ಮೂಡಿತು, ಅಷ್ಟೇ. ಬೆಳಿಗ್ಗೆ ಎದ್ದು ಸುತ್ತು ತಪ್ಪದಂತೆ ಬಿಡಿಸಿದ ರಂಗೋಲಿಯನ್ನು ಎಲ್ಲರೂ ದಾಟಿಕೊಂಡು ಹೋಗುತ್ತಾರೆಯೇ ಹೊರತು ನೋಡುವುದಿಲ್ಲವೆಂದು ಮಾನಿಟರ್ ಅಂಗಡಿಯಲ್ಲಿ ನಿಂತು ತಿಳಿಯಬೇಕಾಯಿತು. ಕೊಕ್ಕು ಮತ್ತು ಒಂಟಿ ಕಾಲಿನ ಗಿಳಿ ನನ್ನನ್ನೇ ನೋಡುತ್ತಿರುವಂತಿತ್ತು, ಅದಕ್ಕೆ ಕಣ್ಣೇ ಇರಲಿಲ್ಲವಾದರೂ.

ನನಗೆ ನಗು ಬಂತು. "ಮುಖ ಕೊಟ್ಟವರು ಯಾರಾದ್ರೂ ಇದ್ದಾರೇನಪ್ಪ?"

"ಇದ್ದಾರೆ. ಹಿಂದಿನ ಬೀದೀಲಿ ಒಬ್ರು, ಮನೆಯವ್ರ ಟಿವಿಗೆ ಕೊಟ್ರು. ಮನೆಯೊಳಗೆ ಮಾತ್ರ ಮಸುಕು, ಹೊಸ್ತಿಲು ದಾಟಿದ್ರೆ ಸರಿ ಇರ್ತಾರೆ. ಅನುಕೂಲವೇ ಆಯ್ತು, ಯಾಕೆ ಮುಖ ದಪ್ಪ ಮಾಡ್ಕೊಂಡಿದ್ದೀಯ ಅಂತ ಯಾರೂ ಕೇಳಲ್ಲ ಅಂತಾರೆ."

ತಮಾಷೆಗೇ ಹೇಳಿದೆ. ರಂಗೋಲಿಗೆ ಒಂಟಿ ಕಾಲು ಬಂದ ಮೇಲೆ ಇದಕ್ಕೆ ಒಂದು ಉಗುರು ಬಂದರೆ ಹೆಚ್ಚು ಎಂದುಕೊಂಡು, "ನನ್ನ ಮುಖ" ಎಂದೆ.

ಗಿಳಿ ಒಮ್ಮೆಲೇ ಎದ್ದು ನಿಂತಂತಾಯಿತು. ಕಣ್ಣು ಬಂತು, ಕಣ್ಣಿನ ಸುತ್ತ ಬಿಳಿಯ ಬಳೆ ಬಂತು, ಕತ್ತಿನ ಗರಿಗಳು ಒಂದರ ಮೇಲೊಂದು ಹೆಂಚು ಹೊದಿಸಿದಂತೆ ಕೂತವು. ಕೊಟ್ರೇಶ ಕುರ್ಚಿಯಿಂದ ಎದ್ದ. ನನ್ನನ್ನು ಮೂಲೆಯ ಫೋರ್ ಕೆಯ ಮುಂದೆ ಕರೆದುಕೊಂಡು ಹೋಗಿ, "ಇಲ್ಲೊಂದ್ಸಲ ಹೇಳಿ ಅಕ್ಕ" ಎಂದ. ಹೇಳಿದೆ. ಅದೂ ತುಂಬಿತು. ಗರಿಯ ಒಂದೊಂದು ಎಳೆಯೂ ಬೇರೆ ಬೇರೆಯಾಯಿತು. ಗಿಳಿಯ ಕಪ್ಪು ಕಣ್ಣಿನೊಳಗೆ ಒಂದು ಕಿಟಕಿ, ಕಿಟಕಿಯಲ್ಲಿ ಆ ಚಿತ್ರ ತೆಗೆದವನು ಮೊಣಕಾಲೂರಿ ಕೂತಿರುವುದು ಕೂಡ ಕಂಡಿತು.

"ಇನ್ನೂ ಮಿಕ್ಕುತ್ತೆ" ಎಂದ ಕೊಟ್ರೇಶ, ತಗ್ಗಿದ ದನಿಯಲ್ಲಿ. "ಯಾರೋ ಬಿಟ್ಟೂಬಿಡದೆ ನೋಡ್ತಾರೆ ಅಕ್ಕ ನಿಮ್ಮನ್ನ. ಕೊಟ್ಟೆ ಅಂತೀರಾ?"

ನಾಲಿಗೆಯ ತುದಿಗೆ ಬಂದಿತ್ತು. ನಾನಂತೂ ನನ್ನ ಮುಖ ನೋಡಿಕೊಳ್ಳುವವಳಲ್ಲ. ಕನ್ನಡಿಯಲ್ಲಿ ನೋಡುವುದು ಬೈತಲೆ ನೆಟ್ಟಗಿದೆಯೇ ಎಂದಷ್ಟೇ. ಆದರೆ ಯಾರು ನೋಡುತ್ತಾರೆ? ನಮ್ಮ ಮನೆಯಲ್ಲಿ ಇರುವವರೇ ಮೂವರು. ನನಗೆ ಗೊತ್ತಿಲ್ಲದೆ ನನ್ನದೊಂದನ್ನು ಯಾರೋ ಇಷ್ಟು ಬಳಸುತ್ತಿದ್ದಾರೆ ಎಂದು ಒಂದು ಕಡೆ ಹೆಮ್ಮೆ, ಒಂದು ಕಡೆ ಕಸಿವಿಸಿ. "ನಾಳೆ ಬರ್ತೀನಿ" ಎಂದು ಹೇಳಿ ಆಟೋ ಹತ್ತಿದೆ. ದಾರಿಯುದ್ದಕ್ಕೂ ಕೆನ್ನೆ ಮುಟ್ಟಿ ಮುಟ್ಟಿ ನೋಡಿಕೊಂಡೆ.

ಮೊದಲ ಅನುಮಾನ ನಮ್ಮವರ ಮೇಲೆ. ಅನುಮಾನ ಅನ್ನುವುದಕ್ಕಿಂತ ಆಸೆ ಅನ್ನಬೇಕು. ಸಂಜೆ ಅವರು ಕಾಫಿ ಕುಡಿಯುತ್ತಿದ್ದಾಗ ಹಿಂದಿನಿಂದ ಹೋಗಿ ನಿಂತು, "ತಿರುಗಿ ನೋಡ್ದೇ ಹೇಳ್ರೀ, ನನ್ ಮೂಗುಬೊಟ್ಟು ಯಾವ ಕಡೆ ಇದೆ?" ಎಂದೆ.

ಅವರು ಲೋಟ ಕೆಳಗಿಟ್ಟರು. "ಬಲಗಡೆ. ತಡಿ, ನಿನ್ನ ಬಲಗಡೆನಾ, ನನ್ನ ಬಲಗಡೆನಾ?"

"ನನ್ ಮೂಗಲ್ವಾ."

"ಹಾಗಾದ್ರೆ ಬಲಗಡೆ."

ಎಡಗಡೆ. ಮದುವೆಗೆ ಮುಂಚಿನಿಂದಲೂ ಎಡಗಡೆ. ಲೋಟ ಎತ್ತಿಕೊಂಡು ಒಳಗೆ ಹೋದೆ. ಗಿಳಿಯ ಕಣ್ಣು ತುಂಬಿಸಿದ ನೋಟ ಇವರದ್ದಲ್ಲ.

ಉಳಿದವರು ಅತ್ತೆ. ನಮ್ಮತ್ತೆ ತುಂಗಮ್ಮನವರಿಗೆ ಕಿವಿ ಮಂದವಾಗಿ ಬಹಳ ಕಾಲವಾಯಿತು. ಕಿವಿಗೆ ಹಾಕುವ ಯಂತ್ರ ತಂದುಕೊಟ್ಟರೆ, ಕುಕ್ಕರಿನ ಹಾಗೆ ಕೂಗುತ್ತದೆ ಎಂದು ಡಬ್ಬಿಯಲ್ಲಿ ಹಾಕಿ ಮುಚ್ಚಿಟ್ಟಿದ್ದಾರೆ. ಆದರೂ ಅವರಿಗೆ ಮನೆಯಲ್ಲಿ ನಡೆಯುವುದೆಲ್ಲ ತಿಳಿಯುತ್ತದೆ. ಬಂದವರು ನಗೆಮಾತಾಡಿದರೆ ಸರಿಯಾದ ಜಾಗದಲ್ಲಿ ನಗುತ್ತಾರೆ. ಯಾರಿಗೆ ಎರಡನೇ ಸಲ ಕಾಫಿ ಕೇಳಬೇಕು, ಯಾರು ಬೇಗ ಹೊರಟರೆ ಒಳ್ಳೆಯದು ಎಂಬುದೂ ಗೊತ್ತು. ಅವರಿಗೆ ಬೇಕಾದ್ದೆಲ್ಲ ಕೇಳಿಸುತ್ತದೆ ಎಂದು ನಾವು ಗಂಡ ಹೆಂಡತಿ ಹಾಸ್ಯ ಮಾಡುತ್ತಿದ್ದುದುಂಟು.

ಊಟಕ್ಕೆ ಕುಳಿತಾಗ ನಮ್ಮವರು ತಮ್ಮ ಕಚೇರಿಯ ಒಬ್ಬರು ಮೀಟಿಂಗಿನಲ್ಲಿ ನಿದ್ದೆ ಹೋಗಿ, ಎಚ್ಚರವಾದಾಗ ಎಲ್ಲರಿಗೂ ಧನ್ಯವಾದ ಹೇಳಿ ಎದ್ದುಹೋದ ಕಥೆ ಹೇಳಿದರು. ಕಥೆ ಚೆನ್ನಾಗಿತ್ತು. ನಾನು ನಗು ತಡೆದುಕೊಂಡು, ಸಾರಿನ ಸೌಟನ್ನೇ ನೋಡುತ್ತ, ಮುಖವನ್ನು ಗೋಡೆಯ ಹಾಗೆ ಇಟ್ಟುಕೊಂಡೆ. ಅತ್ತೆಯೂ ಗಂಭೀರವಾಗಿ ಮುದ್ದೆ ಮುರಿದರು. "ಯಾಕೆ, ಚೆನ್ನಾಗಿಲ್ವಾ?" ಎಂದರು ನಮ್ಮವರು, ಪೆಚ್ಚಾಗಿ. ಸ್ವಲ್ಪ ಹೊತ್ತು ಬಿಟ್ಟು, ಯಾರೂ ಏನೂ ಆಡದಿದ್ದಾಗ, ನಾನು ಸುಮ್ಮನೆ ಒಂದು ನಗು ನಕ್ಕೆ. ತಕ್ಷಣ ಅತ್ತೆ ನಕ್ಕು, "ಹೌದು ಹೌದು, ಅವನು ಯಾವಾಗ್ಲೂ ಹಾಗೇ" ಎಂದರು.

ಅತ್ತೆ ಈ ಮನೆಯನ್ನು ಕೇಳಿಸಿಕೊಳ್ಳುತ್ತಿದ್ದುದು ನನ್ನ ಮುಖದಿಂದ.

ಮರುದಿನ ಬೆಳಿಗ್ಗೆ ಅವರ ಎದುರು ಕುಳಿತು, ತುಟಿ ಕಾಣುವಂತೆ ನಿಧಾನವಾಗಿ ಹೇಳಿದೆ. "ಅತ್ತೆ, ಮಾನಿಟರಿಗೆ ನನ್ನ ಮುಖ ಕೊಡೋಣ ಅಂತಿದ್ದೆ."

ಅವರು ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. "ಕೊಡು" ಎಂದರು. "ನಿನ್ ಮುಖ, ನೀನು ಕೊಡ್ತೀಯ. ಆಮೇಲೆ ನಂಗೆ ಈ ಮನೇಲಿ ಏನೂ ಕೇಳ್ಸಲ್ಲ, ಅಷ್ಟೇ."

ನಾನು ಸುಮ್ಮನಿದ್ದೆ. ಆದರೆ ಅವರ ಮುಂದೆ ಸುಮ್ಮನಿರುವುದಕ್ಕೆ ಅರ್ಥವೇ ಇಲ್ಲವೆಂದು ಈಗ ಗೊತ್ತಾಗಿತ್ತಲ್ಲ. ಅವರು ನನ್ನನ್ನು ನೋಡುತ್ತಲೇ ಇನ್ನೊಂದು ಕಾಯಿ ಮುರಿದರು.

"ಟಿವಿ ಬಂದ ದಿವ್ಸ ನಿಮ್ಮಪ್ಪ ಅಮ್ಮನ ಫೋಟೊ ಕೊಟ್ಯಲ್ಲ. ಇವನು ಬೇಜಾರಾ ಅಂದ. ನೀನು ಪರವಾಗಿಲ್ಲ ಅಂದ್ಯಂತೆ. ಇವನಿಗೆ ಅದು ಕೇಳಿಸ್ತು. ನಂಗೆ ಕೇಳಿಸ್ಲಿಲ್ಲ, ನಾನು ನೋಡಿದ್ದು ನಿನ್ ಮುಖ." ನಾರನ್ನು ತಟ್ಟೆಯ ಅಂಚಿಗೆ ಸರಿಸಿದರು. "ಸೀಬೆ ಮರ ಕೊಟ್ಟಾಗ್ಲೂ ನೋಡ್ದೆ. ಕನ್ನಡಕ ಹೊಸದು, ಇನ್ನೂ ಚೆನ್ನಾಗಿ ಕಾಣಿಸ್ತು. ಆಗ್ಲೇ ಹೇಳ್ಬೇಕಿತ್ತು ನಾನು. ಕನ್ನಡಕದ ಆಸೆ, ಹೇಳ್ಲಿಲ್ಲ."

ಇಷ್ಟು ವರ್ಷ ನಾನು ಬಾಯಿಯಿಂದ ಮುಚ್ಚಿಟ್ಟದ್ದನ್ನೆಲ್ಲ ಅವರು ಎದುರು ಕೂತು ಓದಿಕೊಂಡಿದ್ದರು. ನಾಚಿಕೆಯಾಗಬೇಕಿತ್ತೇನೋ. ಆದರೆ ಒಬ್ಬಳೇ ಹೊರುತ್ತಿದ್ದೇನೆ ಎಂದುಕೊಂಡಿದ್ದ ಬಿಂದಿಗೆಗೆ ಇನ್ನೊಂದು ಕೈ ಮೊದಲಿನಿಂದಲೂ ತಾಗಿಕೊಂಡಿತ್ತು ಎಂದು ತಿಳಿದ ಹಾಗೆ, ಭುಜ ಹಗುರಾಯಿತು.

"ಪ್ರಹ್ಲಾದ" ಎಂದು ಅತ್ತೆ ಕರೆದರು. ಕಿವಿ ಕೇಳದವರ ದನಿ ಎಷ್ಟು ದೊಡ್ಡದೆಂದರೆ ಪಕ್ಕದ ಮನೆಯವರೂ ಬಾಗಿಲಿಗೆ ಬಂದರು. ನಮ್ಮವರು ಅರ್ಧ ಗಡ್ಡಕ್ಕೆ ಸೋಪು ಹಚ್ಚಿಕೊಂಡೇ ಬಂದರು. "ಇವತ್ತು ಅವಳ ಜೊತೆ ಅಂಗಡಿಗೆ ಹೋಗು. ಈ ಸಲ ನಿಂದು ಕೊಡು."

"ನನ್ ಹತ್ರ ಏನಿದೆಯಮ್ಮ ಕೊಡೋಕೆ? ಮನೇಲಿರೋದೆಲ್ಲ ಅವಳದ್ದೇ ಅಲ್ವಾ?"

"ಅದನ್ನ ಗಿಳಿ ಹೇಳುತ್ತೆ" ಎಂದೆ ನಾನು. ಅತ್ತೆಗೆ ಅದು ಹೇಗೋ ಅರ್ಥವಾಗಿ ನಕ್ಕರು.

ಕೊಟ್ರೇಶನ ಅಂಗಡಿಯಲ್ಲಿ ನಮ್ಮವರು ಟು ಕೆಯ ಮುಂದೆ ಸಂದರ್ಶನಕ್ಕೆ ಬಂದವರ ಹಾಗೆ ನಿಂತರು. "ನನ್ನ ಸ್ಕೂಟರ್" ಎಂದರು. ಮುದ್ದೆ ಸ್ವಲ್ಪ ಹಸಿರಾಯಿತು. "ಷಟಲ್ ಆಟದಲ್ಲಿ ನಾನು ಗೆದ್ದ ಕಪ್ಪು." ಅದು ಷೋಕೇಸಿನಲ್ಲಿದೆ, ಅದರೊಳಗೆ ನಾನು ಸೂಜಿ ದಾರ ಇಡುತ್ತೇನೆ. ಏನೂ ಆಗಲಿಲ್ಲ. "ನನ್ನ ಆರಾಮ ಕುರ್ಚಿ" ಎಂದರು. ಒಂದು ರೆಕ್ಕೆಯ ತುದಿ.

"ಅದರ ಮೇಲೆ ಕೂತಿರ್ತೀರಲ್ಲ ಸಾರ್, ನೋಡೋಕೆಲ್ಲಿ ಆಗುತ್ತೆ" ಎಂದ ಕೊಟ್ರೇಶ.

ಅವರು ಹಣೆ ಒರೆಸಿಕೊಂಡರು. ನಾನು ಸಹಾಯ ಮಾಡಲಿಲ್ಲ. ಏನಾದರೂ ಇರುತ್ತದೆ, ನೋಡಲಿ. ಕೊನೆಗೆ, ಬೇರೆಯವರಿಗೆ ಕೇಳಿಸಬಾರದೆಂಬಂತೆ ಪರದೆಯ ಹತ್ತಿರ ಬಗ್ಗಿ, "ಗೇಟಿನ ಮೇಲಿರೋ ನನ್ನ ಹೆಸರು" ಎಂದರು.

ಗಿಳಿಗೆ ಕೊಕ್ಕು ಬಂತು, ಎರಡೂ ಕಾಲು ಬಂತು, ಕಣ್ಣು ಬಂತು, ಕತ್ತಿನ ಗರಿಗಳು ಹೆಂಚಿನ ಹಾಗೆ ಕೂತವು. ಟು ಕೆ ಅಂಚಿನವರೆಗೆ ತುಂಬಿ ನಿಂತಿತು, ಒಂದು ಹನಿ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದು ಹಿತ್ತಾಳೆಯ ಫಲಕ. ಕಚೇರಿಯಿಂದ ಬಂದಾಗ ಗೇಟು ತೆರೆಯುವ ಮುಂಚೆ ಕರ್ಚೀಫಿನಿಂದ ಅದನ್ನು ಒರೆಸುವುದನ್ನು ನಾನು ಅಡುಗೆಮನೆಯಿಂದ ನೋಡಿದ್ದೇನೆ. ಧೂಳು ಹೊಡೆಯುತ್ತಾರೆ ಎಂದುಕೊಂಡಿದ್ದೆ.

"ಇಷ್ಟೊಂದು ನೋಡ್ತಿದ್ನಾ ನಾನು" ಎಂದರು ಅವರು. ಯಾರನ್ನೂ ಕೇಳಿದ್ದಲ್ಲ. ಆಮೇಲೆ ನನ್ನ ಕಡೆ ತಿರುಗಿದರು. ಪರವಾಗಿಲ್ಲ ಬಿಡಿ, ಬೇಡ ಅನ್ನುವ ಮಾತು ಅಭ್ಯಾಸಬಲದಿಂದ ನನ್ನ ಗಂಟಲಿನವರೆಗೆ ಬಂದಿತ್ತು. ಅದನ್ನು ನುಂಗಿದೆ. ಅವರು ಇನ್ನೂ ಸ್ವಲ್ಪ ಹೊತ್ತು ನನ್ನ ಮುಖ ನೋಡಿ, ಏನು ಕಂಡಿತೋ, ಪರದೆಯ ಕಡೆ ತಿರುಗಿ "ಕೊಟ್ಟೆ" ಎಂದರು.

ಮನೆಗೆ ಬಂದಾಗ ಗೇಟಿನ ಮೇಲಿನ ಹಿತ್ತಾಳೆಯಲ್ಲಿ ಬೆರಳಿನಿಂದ ಬೆಣ್ಣೆ ಸವರಿದ ಹಾಗೆ ಒಂದು ಹಳದಿ ಗೆರೆ ಮಾತ್ರ ಇತ್ತು. ಅವರು ಅಭ್ಯಾಸದಂತೆ ಕರ್ಚೀಫು ತೆಗೆದು ಒರೆಸಿದರು, ಮತ್ತೆ ಒರೆಸಿದರು. "ಕಣ್ಣಲ್ಲಿ ಏನೋ ಬಿದ್ದ ಹಾಗಾಗುತ್ತೆ ನೋಡು" ಎಂದರು. ನನಗೂ ಹಾಲಿನ ಫೋಟೊದ ಮುಂದೆ ಹಾಗೇ ಆಗುತ್ತದೆ ಎಂದೆ. ಅವರು ಕರ್ಚೀಫು ಮಡಚಿ ಜೇಬಿಗಿಟ್ಟುಕೊಂಡರು. ಒಳಗೆ ಹೋಗುವಾಗ ಹಾಲಿನಲ್ಲಿ ಫೋಟೊದ ಕೆಳಗೆ ಒಂದು ಗಳಿಗೆ ನಿಂತರು. ಆಮೇಲೆ, ನಾನು ಕೇಳದೆಯೇ, "ಎಡಗಡೆ" ಎಂದರು. ನನ್ನ ಮೂಗುಬೊಟ್ಟಿನ ವಿಷಯ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಶನಿವಾರ ಮಧ್ಯಾಹ್ನ ಹೊಸ ಮಾನಿಟರಿನ ಮುಂದೆ ಕುಳಿತು ಹೆಡ್‌ಫೋನ್ ಹಾಕಿಕೊಂಡೆ. ಕಣಿವೆ ನನ್ನ ಮುಂದೆ ತೊಳೆದಿಟ್ಟ ತಟ್ಟೆಯ ಹಾಗೆ ಬಿದ್ದಿತ್ತು. ದೂರದ ಗುಡ್ಡದ ಮೇಲಿನ ಹುಲ್ಲು ಹುಲ್ಲಾಗಿತ್ತು, ಆಡು ಆಡಾಗಿತ್ತು. ಬಾಲವನ್ನು ಆಡಿಸುತ್ತಲೂ ಇತ್ತು. ಅತ್ತೆ ಒಂದು ಸ್ಟೂಲು ಎಳೆದುಕೊಂಡು ಬಂದು ಪಕ್ಕದಲ್ಲಿ ಕೂತರು, ಪರದೆಗೆ ಬೆನ್ನು ಹಾಕಿ, ನನ್ನ ಕಡೆ ಮುಖ ಮಾಡಿ.

"ಅತ್ತೆ, ಆಟ ಆ ಕಡೆ ಇದೆ" ಎಂದೆ.

"ಇರ್ಲಿ. ನಂಗೆ ಇಲ್ಲೇ ಚೆನ್ನಾಗಿ ಕಾಣುತ್ತೆ."

ಎದುರಾಳಿಗಳು ಕರೆಂಟು ಆಫೀಸಿನ ತಂಡ, ಗಟ್ಟಿಗರು. ಒಬ್ಬ ಆಡುಗಳ ಹಿಂಡಿನೊಳಗೆ ಬಗ್ಗಿಕೊಂಡು ಬರುತ್ತಿದ್ದ. ನನ್ನ ಹುಬ್ಬು ಮೇಲೆ ಹೋಗಿರಬೇಕು, ನಾನು ಬಾಯಿ ತೆರೆಯುವ ಮೊದಲೇ ಅತ್ತೆ "ಬಂದ್ನಾ?" ಎಂದರು.

"ಎಡಗಡೆ ಹಿಂಡಲ್ಲಿ, ಕೊನೇದು ಆಡಲ್ಲ" ಎಂದು ನಾನು ಹೆಡ್‌ಫೋನಿನಲ್ಲಿ ಹೇಳಿದೆ. ಜುಬೇದಾ ಮರು ಮಾತಾಡದೆ ಹೋದಳು. ಆಡಿನ ಹಿಂದಿದ್ದವನು ಔಟಾದ. "ಶಶಿ ಅಕ್ಕ, ನಿನ್ ಪಕ್ಕ ಯಾರೋ ನಿನಗಿಂತ ಮುಂಚೆ ಹೇಳ್ತಿದ್ದಾರಲ್ಲ, ಅವ್ರನ್ನೇ ಗೋಪುರ ಹತ್ತಿಸ್ಲಾ?" ಎಂದಳು. ಅತ್ತೆ ಒಂದು ಸಲವೂ ಹಿಂತಿರುಗಿ ಪರದೆ ನೋಡಲಿಲ್ಲ. ನಾನು ತುಟಿ ಕಚ್ಚಿದರೆ ಅವರು ಸೆರಗು ಹಿಂಡಿದರು. ನಾನು ಉಸಿರು ಬಿಟ್ಟರೆ ಅವರೂ ಬಿಟ್ಟರು. ಇಡೀ ಫೈನಲ್ ಪಂದ್ಯವನ್ನು ಅವರು ನನ್ನ ಮೂಗು ಕಣ್ಣುಗಳ ನಡುವೆಯೇ ನೋಡಿ ಮುಗಿಸಿದರು. ಹೊರಗೆ ಗೇಟಿನ ಬಳಿ ಯಾರೋ ಕೊರಿಯರಿನವನು, ಪ್ರಹ್ಲಾದ ಅವರ ಮನೆ ಯಾವುದು ಸಾರ್ ಎಂದು ನಮ್ಮವರನ್ನೇ ಕೇಳುತ್ತಿದ್ದ.

ಕೊನೆಯ ಗಂಟೆ ಬಾರಿಸಿದಾಗ ಜುಬೇದಾ ಗೆದ್ದ ಖುಷಿಗೆ ಕಿವಿಯಲ್ಲಿ ಏನೇನೋ ಕಿರುಚುತ್ತಿದ್ದಳು. ನಾನು ಹೆಡ್‌ಫೋನ್ ತೆಗೆದೆ. ಅತ್ತೆಯನ್ನು ಸ್ವಲ್ಪ ಆಟ ಆಡಿಸೋಣ ಎಂದು ಮನಸ್ಸಾಯಿತು. ತಲೆ ತಗ್ಗಿಸಿ, ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು, ತುಟಿ ಕಾಣುವಂತೆ ಬಿಡಿಸಿ ಬಿಡಿಸಿ, "ಸೋತ್ವಿ ಅತ್ತೆ" ಎಂದೆ.

ತಲೆ ಎತ್ತಿ ನೋಡಿದರೆ ಸ್ಟೂಲು ಖಾಲಿ. ಅಡುಗೆಮನೆಯಿಂದ ಕೊಬ್ಬರಿ ಮಿಠಾಯಿಯ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು ಬಂತು.